ಮದುವೆ ಹಾಲ್ ಮತ್ತು ಪ್ರಕಾಶ್ ಪಡುಕೋಣೆ

ಖಾನಾಪುರದಲ್ಲಿ ನಾವು ಐದಾರು ಜನ ಸೇರಿ, ಒಳಾಂಗಣ ಷಟಲ್ ಕೋರ್ಟ್ ಬೇಕು ಅಂತ ಅರ್ಜಿ ಹಿಡಿದು ಒಬ್ಬ ದೊಡ್ಡ ಮನುಷ್ಯರ ಹತ್ತಿರ ಹೋಗಿದ್ವಿ. "ಅಲ್ರೀ, ಪ್ರಕಾಶ್ ಪಡುಕೋಣೆ ಮದುವಿ ಹಾಲ್‌ನ್ಯಾಗ ಆಡಿ ಜಗತ್ತ ಗೆದ್ದಾರ. ನಿಮಗ ಯಾಕ್ರಿ ಬೇಕು ಕೋರ್ಟು?" ಅಂದ್ರು. ನಮಗೆ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಚಹಾ ಕುಡಿದು ಎದ್ದು ಬಂದ್ವಿ. ಆ ಉತ್ತರ ಈಗ ಬರೀತಿದೀನಿ...

ಅವರು ಹೇಳಿದ್ದು ಸುಳ್ಳೇನಲ್ಲ. 1955ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಕಾಶ್ ಆಡಿ ಬೆಳೆದದ್ದು ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲೇ. (ಪಡುಕೋಣೆ ಅನ್ನೋದು ಕುಂದಾಪುರದ ಕಡೆಯ ಹಳ್ಳಿ, ಅಂದ ಹಾಗೆ.) ಇವತ್ತು ಹಾಲ್‌ನಲ್ಲಿ ಸಮಾರಂಭ ಇದೆಯಾ ಅಂತ ದಿನಾ ಕಾಯೋದು, ಇಲ್ಲ ಅಂತ ಗೊತ್ತಾದರೆ ಶಾಲೆ ಬಿಟ್ಟ ಕೂಡಲೇ ಓಡೋದು. ಮಗಳು ದೀಪಿಕಾಗೆ ಬರೆದ ಪತ್ರದಲ್ಲಿ ಅವರೇ ಇದನ್ನು ನೆನೆದಿದ್ದಾರೆ. ಹಾಗೆ ಆಡಿದ ಹುಡುಗ 16ನೇ ವಯಸ್ಸಿಗೆ ಕಿರಿಯರ, ಹಿರಿಯರ ಎರಡೂ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಅದೂ ಸೇರಿ ಹಿರಿಯರ ಪಟ್ಟ ಸತತ ಒಂಬತ್ತು ಸಲ ಅವರದೇ. 1978ರಲ್ಲಿ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ.

ಇನ್ನು 1980ರ ಮಾರ್ಚ್. ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್, ಹಿಂದಿನ ಎರಡೂ ವರ್ಷ ಗೆದ್ದವನು. ಎಗರಿ ಹೊಡೆಯೋ ಸ್ಮ್ಯಾಷ್‌ಗೆ ಆತ ಹೆಸರುವಾಸಿ. ಅಂಥವನ ಜೊತೆ ಪ್ರಕಾಶ್ ಬಲಾಬಲಕ್ಕೆ ಇಳಿಯಲಿಲ್ಲ. ಆಟದ ವೇಗ ಇಳಿಸಿ, ನೆಟ್ ಹತ್ತಿರ ಮೆತ್ತಗೆ ಬೀಳಿಸಿ, ಮತ್ತೆ ಹಿಂದಕ್ಕೆ ಓಡಿಸಿ... 15-3, 15-10! ಆಗ ಸರ್ವೀಸ್ ಮಾಡಿದವನಿಗೆ ಮಾತ್ರ ಅಂಕ ಸಿಗ್ತಿತ್ತು ಅನ್ನೋದು ನೆನಪಿದ್ದರೆ ಆ 3ರ ಅರ್ಥ ಗೊತ್ತಾಗುತ್ತೆ. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಅವರು. ಮರುವರ್ಷ ಅದೇ ಕಿಂಗ್ ಫೈನಲ್‌ನಲ್ಲಿ ಸೇಡು ತೀರಿಸಿಕೊಂಡ, ಇರಲಿ ಬಿಡಿ.

ದೊಡ್ಡ ಮನುಷ್ಯರು ಕಥೆಯನ್ನು ಇಲ್ಲಿಗೇ ನಿಲ್ಲಿಸ್ತಾರೆ. ಮುಂದಿನದ್ದು ಕೇಳಿ. ಅಷ್ಟು ಗೆದ್ದ ಮೇಲೆ ಪ್ರಕಾಶ್ ಹೋದದ್ದು ಡೆನ್ಮಾರ್ಕಿಗೆ. ಕೆಲವು ವರ್ಷ ಅಲ್ಲೇ ಇದ್ದು, ಮಾರ್ಟನ್ ಫ್ರಾಸ್ಟ್‌ನಂಥ ಆಟಗಾರರ ನಡುವೆ ಅಭ್ಯಾಸ ಮಾಡಿದರು. 1981ರಲ್ಲಿ ಕ್ವಾಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್‌ನನ್ನು 15-0, 18-16ರಿಂದ ಸೋಲಿಸಿ ವಿಶ್ವಕಪ್ ಗೆದ್ದರು. 1983ರಲ್ಲಿ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 1991ರಲ್ಲಿ ನಿವೃತ್ತಿ. ಮೂರೇ ವರ್ಷಕ್ಕೆ, 1994ರಲ್ಲಿ, ವಿಮಲ್ ಕುಮಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ಶುರು ಮಾಡಿದರು. ಮದುವೆ ಹಾಲೇ ಸಾಕಾಗಿದ್ದರೆ ಈ ಮನುಷ್ಯ ಅಕಾಡೆಮಿ ಯಾಕೆ ಕಟ್ತಿದ್ರು ಸ್ವಾಮಿ? ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ. ಅಲ್ಲೇ ಬೆಳೆದ ಲಕ್ಷ್ಯ ಸೇನ್ 2022ರಲ್ಲಿ ಅದೇ ಫೈನಲ್ ಆಡಿದ. ಹಾಲ್‌ನಿಂದ ಒಬ್ಬರು ಬಂದರು, ನಿಜ. ಮದುವೆ ಇದ್ದ ದಿನ ಬಾಗಿಲಿಂದ ವಾಪಸ್ ಹೋಗಿ, ಆಮೇಲೆ ಬರದೇ ಉಳಿದವರ ಲೆಕ್ಕ ಯಾರ ಹತ್ತಿರ ಇದೆ?

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ನೆಟ್ ಕಟ್ಟೋ ಹಾಗೇ ಇಲ್ಲ, ಪಶ್ಚಿಮ ಘಟ್ಟದ ಸೆರಗಿನ ಮಳೆ. ಮಳೆ ನಿಂತರೆ ಗಾಳಿ. ನನ್ನ ಅಣ್ಣನ ಮಗಳು ಆಡೋದಕ್ಕೆ ಬಸ್ ಹಿಡಿದು ಬೆಳಗಾವಿಗೆ ಹೋಗ್ತಾಳೆ, ಸುಮಾರು 25 ಕಿಲೋಮೀಟರ್. ಅಲ್ಲೂ ಅವಳಿಗೆ ಸಿಕ್ಕಿರೋದು ಒಂದು ಕಾರ್ಯಾಲಯದ ಹಾಲ್. ಮೇ ತಿಂಗಳಲ್ಲಿ ಒಂದು ಸಂಜೆ ಅರ್ಧ ದಾರಿಯಿಂದ ಫೋನ್ ಮಾಡಿದ್ಲು: "ಕಾಕಾ, ಇವತ್ತೂ ಮದುವಿ ಐತಂತ. ಹೊಳ್ಳಿ ಬರ್ಲ್ಯಾ?"

ಬರೋ ಸೋಮವಾರ ಮತ್ತೆ ಅರ್ಜಿ ಕೊಡೋಕೆ ಹೋಗ್ತಿದೀವಿ. ಈ ಸಲ ಇದರ ಪ್ರಿಂಟೂ ಜೊತೆಗಿರುತ್ತೆ.