ಕಂಕನಾಡಿಯಿಂದ ಸುಬ್ರಹ್ಮಣ್ಯಕ್ಕೆ ಸೈಕಲ್ಲಿನಲ್ಲಿ: ಒಂದು ಖಾಲಿ ರಸ್ತೆಯ ಇತಿಹಾಸ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಸ್ಟ್ರಿಯಾದಿಂದ ಒಂದು ಚಿತ್ರ ಕಳುಹಿಸಿದ್ದ. ಡ್ಯಾನ್ಯೂಬ್ ನದಿಯ ದಂಡೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕಾಡು ತುಂಬಿದ ಗುಡ್ಡ. ನಡುವೆ ಸೈಕಲ್ಲಿನವರೇ ಓಡಾಡುವ ನುಣುಪಾದ ದಾರಿ. ಜರ್ಮನಿಯ ಪಾಸೌ ಪಟ್ಟಣದಿಂದ ವಿಯೆನ್ನಾದವರೆಗೆ 300 ಕಿ.ಮೀ.ಗೂ ಮಿಕ್ಕಿದ ದೂರವನ್ನು ಅವನೂ ಹೆಂಡತಿ ಮಕ್ಕಳೂ ಒಂದು ವಾರದಲ್ಲಿ ತುಳಿದರಂತೆ. ಚಿತ್ರದ ಕೆಳಗೆ ಒಂದೇ ಸಾಲು: "ಮಾಸ್ಟ್ರೇ, ನಮ್ಮ ನೇತ್ರಾವತಿಯ ಬದಿಯಲ್ಲಿ ಇಂಥ ದಾರಿ ಯಾಕಿಲ್ಲ?"

ಇತ್ತು ಎಂದು ಅವನಿಗೆ ಬರೆದೆ. ಅದು ಹೇಗೆ ಇತ್ತು, ಎಷ್ಟು ಕಾಲ ಇತ್ತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಲಾಗದೆ ಈ ಲೇಖನಕ್ಕೆ ಕೈಹಚ್ಚಿದ್ದೇನೆ. ಅವನಿಗೆ ಉತ್ತರ ಕೊಡಬೇಕಾದ ಋಣವೂ ನನ್ನ ಮೇಲಿದೆ. ಅದೇನೆಂದು ಮುಂದೆ ಹೇಳುತ್ತೇನೆ.

ಮೊದಲು ನದಿಯ ಮಾತು. ನೂರೈವತ್ತು ವರ್ಷಗಳ ಹಿಂದೆ ಮಂಗಳೂರಿನಿಂದ ಬಂಟ್ವಾಳಕ್ಕೆ ಸರಕು ಸಾಗುತ್ತಿದ್ದ ಹೆದ್ದಾರಿ ನೇತ್ರಾವತಿಯೇ ಆಗಿತ್ತು. ಘಟ್ಟದಿಂದ ಇಳಿದ ಸರಕು ಬಂಟ್ವಾಳದಲ್ಲಿ ಗಾಡಿಯಿಂದ ದೋಣಿಗೆ ಏರುತ್ತಿತ್ತು. ಆ ಪೇಟೆ ಬೆಳೆದದ್ದೇ ಈ ಕಾರಣದಿಂದ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಅದರ ಬೆನ್ನಿಗೇ ನದಿಯ ದಂಡೆಗುಂಟ ಕಾರ್ಖಾನೆಗಳು ಸಾಲುಗಟ್ಟಿದವು. ಅವುಗಳಿಗೆ ಆವೆಮಣ್ಣು ಬಂದದ್ದು ದೋಣಿಯಲ್ಲಿ, ಹಂಚು ಬಂದರಿಗೆ ಹೋದದ್ದೂ ದೋಣಿಯಲ್ಲಿ. ನದಿಯ ಬದಿಗೆ ನೆಲದ ಮೇಲೂ ದಾರಿಯಿತ್ತು. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಮೂಡಲಿಗೆ ಹೊರಟಾಗ ಹಿಡಿದದ್ದು ಅರ್ಕುಳ, ಫರಂಗಿಪೇಟೆಗಳ ಈ ದಾರಿಯನ್ನೇ.

ಡ್ಯಾನ್ಯೂಬಿನ ದಂಡೆಯ ದಾರಿಗೂ ಹೀಗೆಯೇ ಒಂದು ಪೂರ್ವಕಥೆಯಿದೆ. ಪ್ರವಾಹದ ವಿರುದ್ಧ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳು ನಡೆದ ದಾರಿಯದು. ಉಗಿಹಡಗು ಬಂದಮೇಲೆ ಕುದುರೆಗೆ ಕೆಲಸವಿಲ್ಲದಾಯಿತು, ದಾರಿ ಮಾತ್ರ ಉಳಿಯಿತು. ಎಷ್ಟೋ ಕಾಲದ ಮೇಲೆ ಅದು ಸೈಕಲ್ಲಿನವರ ಪಾಲಿಗೆ ಬಂತು. ನಮ್ಮ ಅಂಬಿಗರು ದೋಣಿ ನಡೆಸುತ್ತಿದ್ದದ್ದು ಬಿದಿರಿನ ಗಳ ಊರಿ, ಹುಟ್ಟು ಹಾಕಿ. ಹಾಗಾಗಿ ದಂಡೆಯಲ್ಲಿ ಅಂಥ ದಾರಿ ಉಳಿಯಲಿಲ್ಲ. ನದಿಯ ವ್ಯಾಪಾರವನ್ನೆಲ್ಲ ಕ್ರಮೇಣ ಬದಿಯ ರಸ್ತೆಯೇ ನುಂಗಿತು. 1907ರಲ್ಲಿ ತೆಂಕಣದಿಂದ ನೇತ್ರಾವತಿಯನ್ನು ದಾಟಿ ರೈಲು ಮಂಗಳೂರಿಗೆ ಬಂತು. ಪಾಣೆಮಂಗಳೂರಿನಲ್ಲಿ ಉಕ್ಕಿನ ಸೇತುವೆ ಎದ್ದಿತು. 1923ರ ಮಹಾನೆರೆ ಬಂಟ್ವಾಳ, ಉಪ್ಪಿನಂಗಡಿಗಳನ್ನು ಹಾಳುಗೆಡವಿತು. ಅದನ್ನು 'ಮಾರಿಬೊಳ್ಳ'ವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು.

ಅದೇ 1923ರಲ್ಲಿ ಮುಂಬಯಿಯಿಂದ ಪಾರ್ಸಿ ತರುಣರು ಸೈಕಲ್ ಏರಿ ಜಗತ್ತನ್ನು ಸುತ್ತಲು ಹೊರಟರು. ಹಕೀಂ, ಬಾಪಸೋಲ, ಭೂಮ್‌ಗರ ಎಂಬ ಮೂವರು 1928ರಲ್ಲಿ ಯಾತ್ರೆ ಮುಗಿಸಿ ಹಿಂದಿರುಗಿದರು. ಕಾಲೇಜಿನಲ್ಲಿದ್ದಾಗ ಆ ಸಂಗತಿಯನ್ನು ಓದಿಯೇ ನನಗೂ ಹುಚ್ಚು ಹತ್ತಿದ್ದು. ಜಗತ್ತಿನ ಮಾತು ಹೋಗಲಿ, ಸುಬ್ರಹ್ಮಣ್ಯದವರೆಗಾದರೂ ಹೋಗೋಣವೆಂದು ನಾವು ಮೂವರು ಗೆಳೆಯರು ಹೊರಟೆವು. ಅದು 1973ರ ಡಿಸೆಂಬರ್. ಆಗಷ್ಟೇ ನನಗೆ ಅಧ್ಯಾಪಕ ವೃತ್ತಿ ದೊರೆತಿತ್ತು.

ನನ್ನದು ತಂದೆಯವರ ಹರ್ಕ್ಯುಲಿಸ್. ಮತ್ತೊಬ್ಬನದು ಬಾಡಿಗೆ ಸೈಕಲ್. ಅಂಗಡಿಯವನಿಗೆ "ಬಂಟ್ವಾಳಕ್ಕೆ" ಎಂದಷ್ಟೇ ಹೇಳಿ ತಂದಿದ್ದ. (ಅಧ್ಯಾಪಕನಾಗಿ ಈ ಸುಳ್ಳನ್ನು ನಾನು ಸಮರ್ಥಿಸಲಾರೆ.) ಕ್ಯಾರಿಯರಿನಲ್ಲಿ ಜಮಖಾನ, ಅವಲಕ್ಕಿ, ಬೆಲ್ಲ, ಪಂಚರ್ ಹಾಕುವ ಸರಂಜಾಮು, ಚೌಕಟ್ಟಿಗೆ ಕಟ್ಟಿದ ಪಂಪು. ಫಾದರ್ ಮುಲ್ಲರ್ ಆಸ್ಪತ್ರೆಯ ಎದುರಿನಿಂದ ಹೊರಟು ಪಡೀಲು ದಾಟುವಾಗ ಇನ್ನೂ ನಸುಗತ್ತಲೆ. ಡೈನಮೋದ ಬೆಳಕು ತುಳಿದಷ್ಟೇ ಹೊಳೆಯುವಂಥದ್ದು, ಏರಿನಲ್ಲಿ ಮಂಕಾಗುತ್ತಿತ್ತು.

ಅಡ್ಯಾರಿನಿಂದ ತುಂಬೆಯವರೆಗೆ ಬಲಗಡೆಗೆ ಮರಗಳ ಎಡೆಯಿಂದ ನದಿ ಕಾಣಿಸುತ್ತ ಮರೆಯಾಗುತ್ತ ನಮ್ಮ ಜೊತೆಗೇ ಬಂತು. ಬಂಟ್ವಾಳದ ಬಿ.ಸಿ. ರೋಡನ್ನು ಸೇರುವವರೆಗೆ ನಮ್ಮನ್ನು ದಾಟಿದ ವಾಹನಗಳನ್ನು ನಾವು ಎಣಿಸಿದ್ದೆವು. ಎಣಿಸಲು ಸಾಧ್ಯವಾಗುವಷ್ಟು ಇದ್ದವು ಎಂಬುದೇ ಈಗ ಹೇಳಬೇಕಾದ ಸಂಗತಿ. ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೂವರು ಸಾಲಾಗಿ ಅಲ್ಲ, ಒತ್ತೊತ್ತಿಗೆ ಮಾತನಾಡಿಕೊಂಡು ತುಳಿದೆವು. ಪಾಣೆಮಂಗಳೂರಿನ ಸೇತುವೆಯ ಮೇಲೆ ಸೈಕಲ್ ಒರಗಿಸಿ ಬಹಳ ಹೊತ್ತು ನೀರು ನೋಡುತ್ತ ನಿಂತರೂ ಯಾರೂ ಸರಿಯಿರಿ ಎನ್ನಲಿಲ್ಲ. ಕಲ್ಲಡ್ಕದಲ್ಲಿ ಅಲ್ಲಿಯ ಪ್ರಸಿದ್ಧ ಚಹಾ, ಹಾಲು ಕೆಳಗೆ ಡಿಕಾಕ್ಷನ್ ಮೇಲೆ. ಮಧ್ಯಾಹ್ನಕ್ಕೆ ಉಪ್ಪಿನಂಗಡಿ, ಕುಮಾರಧಾರೆ ನೇತ್ರಾವತಿಯನ್ನು ಕೂಡುವ ಮರಳಿನ ಮೇಲೆ ಅವಲಕ್ಕಿ ತಿಂದು ಮಲಗಿದೆವು.

ಮರುದಿನ ಕಡಬದ ದಾರಿ. ಕಾಡು ಎರಡೂ ಬದಿಯಿಂದ ರಸ್ತೆಗೆ ಬಾಗಿತ್ತು. ಹಂಗಾರ ಹಕ್ಕಿ ರೆಕ್ಕೆ ಬಡಿದು ಹಾರುವ ಸದ್ದು ಉಗಿಬಂಡಿಯಂತೆ ಕೇಳಿಸಿ ಬೆಚ್ಚಿಬಿದ್ದದ್ದು ನೆನಪಿದೆ. ಮಂಗಳೂರು–ಹಾಸನ ರೈಲುಮಾರ್ಗದ ಕೆಲಸ ಆಗ ನಡೆಯುತ್ತಿತ್ತು. ಸುಬ್ರಹ್ಮಣ್ಯದ ಹತ್ತಿರ ಒಂದು ಕಡೆ ಹಳಿ ಇನ್ನೂ ಹಾಸದ ಕೆಮ್ಮಣ್ಣಿನ ಏರಿಯ ಮೇಲೆ ನಾವು ಸೈಕಲ್ ಹತ್ತಿಸಿದೆವು. ಅಷ್ಟು ಸಮತಟ್ಟಾದ, ಅಷ್ಟು ನಿರ್ಜನವಾದ ದಾರಿಯಲ್ಲಿ ಅದಕ್ಕೆ ಮೊದಲೂ ಆಮೇಲೂ ನಾನು ಸೈಕಲ್ ತುಳಿದಿಲ್ಲ. ಅರ್ಧ ಗಂಟೆಯಾದ ಮೇಲೆ ಕಾವಲಿನವನೊಬ್ಬ ತುಳುವಿನಲ್ಲಿ ಗದರಿಸಿ ಇಳಿಸಿದ.

ನದಿ ಬಿಟ್ಟುಕೊಟ್ಟ ದಾರಿಯನ್ನು ಲಾರಿ ಪೂರ್ತಿಯಾಗಿ ಹಿಡಿಯುವ ಮುನ್ನ ಕೆಲವು ದಶಕಗಳ ತೆರಪು ಇತ್ತು; ನಾವು ಸೈಕಲ್ ತುಳಿದದ್ದು ಆ ತೆರಪಿನ ಕೊನೆಯ ತುದಿಯಲ್ಲಿ. ಆಗ ಅದು ನಮಗೆ ತಿಳಿದಿರಲಿಲ್ಲ. 1974ರ ಮೇ 4ರಂದು ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಆ ಮಳೆಗಾಲದಲ್ಲಿ ಮತ್ತೊಂದು ದೊಡ್ಡ ನೆರೆ ಬಂತು. 1975ರ ಜನವರಿಯಲ್ಲಿ ಬಂದರಿನ ಉದ್ಘಾಟನೆಯಾಯಿತು. ಮುಂದೆ ಶಿರಾಡಿ ಘಟ್ಟ ಇಳಿದು ಬರುವ ಸರಕೆಲ್ಲ ನಮ್ಮ ರಸ್ತೆಗೇ ಬಂತು. ಅದರಿಂದ ಜಿಲ್ಲೆಗೆ ಅನ್ನ ದೊರೆತಿದೆ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಮನೆ ನಡೆದದ್ದು ಆ ಬಂದರಿನಿಂದ. ಅದನ್ನು ದೂರಲಾರೆ.

ಈಗ ಋಣದ ಮಾತು. ಹೆದ್ದಾರಿಯ ಬದಿಯ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. 1990ರ ದಶಕದಲ್ಲಿ ಒಂದು ಸಂಜೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಲಾರಿಯೊಂದು ತಾಗಿತು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಮರುವಾರ ನಾನು ಸುತ್ತೋಲೆ ಹೊರಡಿಸಿದೆ: ಯಾವ ವಿದ್ಯಾರ್ಥಿಯೂ ಸೈಕಲ್ಲಿನಲ್ಲಿ ಶಾಲೆಗೆ ಬರಕೂಡದು. ಸೈಕಲ್ ಸ್ಟ್ಯಾಂಡು ಕೆಲವೇ ದಿನಗಳಲ್ಲಿ ಸೌದೆಯ ಕೊಟ್ಟಿಗೆಯಾಯಿತು. ಆಸ್ಟ್ರಿಯಾದಿಂದ ಪ್ರಶ್ನೆ ಕೇಳಿದವನು ಆಗ ಎಂಟನೆಯ ತರಗತಿ. ಫರಂಗಿಪೇಟೆಯ ಕಡೆಯಿಂದ ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದವನು. ಬಸ್ಸಿನ ದುಡ್ಡು ಮನೆಗೆ ಹೊರೆಯೆಂದು ಅವನ ತಾಯಿ ಬಂದು ಕೇಳಿಕೊಂಡರೂ ನಾನು ಆದೇಶ ಸಡಿಲಿಸಲಿಲ್ಲ. ಒಳದಾರಿ ಹುಡುಕಿ ಕೊಡಬಹುದಿತ್ತು, ಮಕ್ಕಳನ್ನು ಗುಂಪಾಗಿ ಕಳಿಸಬಹುದಿತ್ತು, ರಸ್ತೆಯವರಿಗೆ ಬರೆಯಬಹುದಿತ್ತು. ಅವಾವುದನ್ನೂ ಮಾಡದೆ, ಎಲ್ಲಕ್ಕಿಂತ ಸುಲಭವಾದದ್ದನ್ನು ಮಾಡಿದೆ. ನನ್ನ ನಿವೃತ್ತಿಯ ಹೊತ್ತಿಗೆ, 2006–07ರಲ್ಲಿ, ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ನನ್ನ ಕೈಯಿಂದಲೇ ಸೈಕಲ್ ಕೊಟ್ಟು, ಹೆದ್ದಾರಿಗೆ ಹೋಗಬೇಡಿ ಎಂದೂ ನಾನೇ ಹೇಳಿದೆ. ಒಬ್ಬ ಹುಡುಗಿ "ಮತ್ತೆ ಎಲ್ಲಿಗೆ ಹೋಗುವುದು ಸರ್?" ಎಂದು ನಕ್ಕಳು.

ರೈಲುಮಾರ್ಗದ ಕಥೆಯೂ ಸ್ವಾರಸ್ಯಕರ. 1979ರ ಹೊತ್ತಿಗೆ ಪೂರ್ಣಗೊಂಡ ಆ ಮೀಟರ್ ಗೇಜ್ ಮಾರ್ಗದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದ ಭಾಗದಲ್ಲೇ 57 ಸುರಂಗಗಳು, 109 ಸೇತುವೆಗಳು. ಗೇಜ್ ಪರಿವರ್ತನೆಗೆಂದು 1996ರಲ್ಲಿ ರೈಲು ನಿಂತಾಗ ಕಾಡಿನ ನಡುವಿನ ಆ ಹಳಿ ಚಾರಣಿಗರ ಪಾಲಾಯಿತು. ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು ಹಿಡಿದು ಸುರಂಗ ದಾಟುವ ಬೆಂಗಳೂರಿನ ತರುಣರನ್ನು ನಾನೂ ಕಂಡಿದ್ದೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್–ಸ್ಪಾರ್ಟಾ ನಡುವಿನ ಹಳೆಯ ರೈಲುಮಾರ್ಗವನ್ನು 1960ರ ದಶಕದಲ್ಲೇ ಸುರಂಗಗಳ ಸಹಿತ ಸೈಕಲ್ ದಾರಿಯಾಗಿ ಮಾಡಿದ್ದಾರೆ. ನಮ್ಮಲ್ಲಿ 2006ರಲ್ಲಿ ಗೂಡ್ಸ್ ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮರಳಿತು. ಮರಳಬೇಕಾದದ್ದೇ. ಆ ಸರಕು ರೈಲೇರಿದಷ್ಟೂ ರಸ್ತೆಗೆ ಒಳ್ಳೆಯದು. ಕಂಕನಾಡಿ ಎಂಬ ಹೆಸರಿದ್ದ ನಿಲ್ದಾಣ ಈಗ ಮಂಗಳೂರು ಜಂಕ್ಷನ್.

ಇತ್ತೀಚೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನೇತ್ರಾವತಿ ಸೇತುವೆಯಿಂದ ಬೋಳಾರದ ಕಡೆಗೆ ದಂಡೆಗುಂಟ ನಡೆಯುವ, ಸೈಕಲ್ ತುಳಿಯುವ ಹಾದಿಯ ಕೆಲಸ ಕೈಗೆತ್ತಿಕೊಂಡಾಗ ಕಾಂಡ್ಲಾ ಗಿಡಗಳ ವಿಷಯವಾಗಿ ತಕರಾರು ಎದ್ದಿತು. ಗಿಡ ಕಡಿದು ಮಾಡುವ ಹಾದಿ ನನಗೂ ಬೇಡ.

ನನ್ನ ವಿದ್ಯಾರ್ಥಿಗೆ ಬೇರೊಂದು ದಾರಿ ಬರೆದು ಕಳಿಸಿದ್ದೇನೆ. ಅಡ್ಯಾರು–ಹರೇಕಳ ನಡುವೆ ಮೊದಲು ಕಡವಿನ ದೋಣಿಯಿದ್ದಲ್ಲಿ ಈಗ ಕಿಂಡಿ ಅಣೆಕಟ್ಟಿನ ಮೇಲೆ ಸೇತುವೆಯಾಗಿದೆ. ಅದನ್ನು ದಾಟಿದರೆ ತೆಂಕಣ ದಂಡೆ. ಕಿತ್ತಳೆ ಮಾರಿ ಶಾಲೆ ಕಟ್ಟಿದ ಹಾಜಬ್ಬನವರ ಊರು. ಅಲ್ಲಿಂದ ಇನೋಳಿ, ಬೋಳಿಯಾರು, ಸಜಿಪಗಳ ಒಳರಸ್ತೆಯಲ್ಲಿ ಹೆದ್ದಾರಿಯ ಗೊಡವೆಯಿಲ್ಲದೆ ಪಾಣೆಮಂಗಳೂರು ಸೇರಬಹುದು. ಏರಿಳಿತ ಹೆಚ್ಚು, ಬಸ್ಸುಗಳೂ ಇವೆ, ಡ್ಯಾನ್ಯೂಬ್ ಅಲ್ಲ. ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತಾನಂತೆ. ಹರ್ಕ್ಯುಲಿಸಿಗೆ ಎರಡು ಟೈರು, ಒಂದು ಚೈನು ಹಾಕಿಸಬೇಕು. ಹರೇಕಳದ ಸೇತುವೆಯವರೆಗೆ ನಾನೂ ಬರುತ್ತೇನೆಂದು ಬರೆದಿದ್ದೇನೆ.