ಚಂದ್ರನ ಮೇಲೆ ದೇಹದ ತೂಕ: ಒಂದು ಪ್ರಮಾಣದ ಇತಿಹಾಸ

ಚಂದ್ರನ ಮೇಲೆ ನಿಂತ ಮನುಷ್ಯನ ತೂಕವು ಭೂಮಿಯ ಮೇಲಿನ ತೂಕದ ಆರರಲ್ಲೊಂದು ಪಾಲೆಂಬುದನ್ನು ನಾವು ತರಗತಿಗಳಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಚಂದ್ರಯಾತ್ರಿಕರು ಅಲ್ಲಿಗೆ ಹೋಗಿ ಇದನ್ನು ಕಂಡುಕೊಂಡರೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ಈ ಪ್ರಮಾಣವು ಅವರು ಹೊರಡುವುದಕ್ಕೆ ಬಹುಕಾಲ ಮೊದಲೇ ತಿಳಿದಿದ್ದಿತು. ಅದಕ್ಕೂ ಮೊದಲು ಅದನ್ನು ತಪ್ಪಾಗಿ ಎಣಿಸಿದವನು ಸ್ವತಃ ನ್ಯೂಟನ್ನನೇ.

ಗೋಳವೊಂದರ ಮೇಲ್ಮೈಯಲ್ಲಿ ದೇಹದ ತೂಕವನ್ನು ನಿರ್ಣಯಿಸುವವು ಎರಡು: ಗೋಳದ ದ್ರವ್ಯರಾಶಿ ಮತ್ತು ಅದರ ತ್ರಿಜ್ಯ. ಚಂದ್ರನ ತ್ರಿಜ್ಯವು ಭೂಮಿಯದರ ಕಾಲುಭಾಗಕ್ಕಿಂತ ತುಸು ಹೆಚ್ಚೆಂಬುದು ನ್ಯೂಟನ್ನನ ಕಾಲಕ್ಕೆ ಚೆನ್ನಾಗಿ ತಿಳಿದಿದ್ದಿತು. ತೊಡಕಿದ್ದುದು ದ್ರವ್ಯರಾಶಿಯಲ್ಲಿ. ಗುರು ಶನಿಗಳನ್ನು ಅವುಗಳ ಉಪಗ್ರಹಗಳ ಚಲನೆಯಿಂದ ತೂಗಬಹುದು. ಚಂದ್ರನಿಗೆ ಅಂತಹ ಪರಿವಾರವಿಲ್ಲ.

ಆದುದರಿಂದ ನ್ಯೂಟನ್ನನು ಸಮುದ್ರದ ಉಬ್ಬರವಿಳಿತಗಳನ್ನು ಆಶ್ರಯಿಸಿದನು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತಗಳು ಕೂಡಿಕೊಳ್ಳುತ್ತವೆ. ಅಷ್ಟಮಿಯ ಸುಮಾರಿಗೆ ಒಂದು ಇನ್ನೊಂದನ್ನು ಕುಗ್ಗಿಸುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ, ಏವನ್ ನದಿಯ ಮುಖದಲ್ಲಿ, ನೀರು ಮೊದಲನೆಯ ಸಂದರ್ಭದಲ್ಲಿ 45 ಅಡಿಯೂ ಎರಡನೆಯದರಲ್ಲಿ 25 ಅಡಿಯೂ ಏರುವುದನ್ನು ಸ್ಯಾಮ್ಯುಯೆಲ್ ಸ್ಟರ್ಮಿ ಎಂಬಾತನು ಅಳೆದಿದ್ದನು. ಇದರಿಂದ ಚಂದ್ರನ ಪ್ರಭಾವವು ಸೂರ್ಯನದರ ಮೂರೂವರೆಯಷ್ಟೆಂದು ಬರುತ್ತದೆ. ನ್ಯೂಟನ್ನನು ಕೆಲವು ತಿದ್ದುಪಡಿಗಳಿಂದ ಅದನ್ನು ನಾಲ್ಕೂವರೆಯ ಸಮೀಪಕ್ಕೆ ಒಯ್ದನು. ನಿಜವಾದ ಪ್ರಮಾಣವು ಎರಡಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು! ಹೀಗಾಗಿ ‘ಪ್ರಿನ್ಸಿಪಿಯಾ’ದ 1726ರ ಆವೃತ್ತಿಯಲ್ಲಿ ಚಂದ್ರನ ದ್ರವ್ಯರಾಶಿಯು ಭೂಮಿಯದರ ಸುಮಾರು 40ರಲ್ಲೊಂದು ಪಾಲೆಂದೂ, ಅದರ ಮೇಲ್ಮೈಯ ಗುರುತ್ವವು ಭೂಮಿಯದರ ಮೂರರಲ್ಲೊಂದು ಪಾಲೆಂದೂ, ಚಂದ್ರನು ಭೂಮಿಗಿಂತ ಸಾಂದ್ರವಾದ ಕಾಯವೆಂದೂ ಕಾಣುತ್ತದೆ. ಇಲ್ಲಿ 60 ಕಿಲೋಗ್ರಾಂ ತೂಗುವವನು ಈ ಲೆಕ್ಕದಂತೆ ಅಲ್ಲಿ 20 ತೂಗಬೇಕು.

ಗುರುತ್ವದ ನಿಯಮದಲ್ಲಿ ದೋಷವಿರಲಿಲ್ಲ, ಸಾಕ್ಷಿಯ ಆಯ್ಕೆಯಲ್ಲಿತ್ತು. ಅಳಿವೆಯ ಆಳ, ದಡಗಳ ಆಕಾರಗಳು ನೀರಿನ ಏರಿಕೆಯನ್ನು ಬಹಳವಾಗಿ ಮಾರ್ಪಡಿಸುತ್ತವೆ. ಆ ತೀರದಲ್ಲಿ ಉಬ್ಬರವು ಅಸಾಧಾರಣವಾಗಿದ್ದುದರಿಂದಲೇ ಅದು ಕಣ್ಣಿಗೆ ಬಿದ್ದಿತು, ಅದರಿಂದಲೇ ಅದು ನಂಬಲರ್ಹವೂ ಆಗಿರಲಿಲ್ಲವೆಂದು ನಮಗೆ ತೋರುತ್ತದೆ.

ಮುಂದಿನವರು ಸಮುದ್ರವನ್ನು ಬಿಟ್ಟು ಆಕಾಶವನ್ನು ನೋಡಿದರು. ಭೂಮಿಯ ಅಕ್ಷವು 18.6 ವರ್ಷಗಳ ಅವಧಿಯಲ್ಲಿ ತುಸು ತೂಗಾಡುವುದನ್ನು ಬ್ರ್ಯಾಡ್ಲಿಯು 1748ರಲ್ಲಿ ಪ್ರಕಟಿಸಿದನು. ಚಂದ್ರನ ಸೆಳೆತದಿಂದ ಅದು ಹೇಗಾಗುವುದೆಂಬುದನ್ನು ದಾಲಂಬೇರನು ಮರುವರ್ಷ ಗಣಿತದಿಂದ ತೋರಿಸಿದನು. ಇನ್ನೊಂದು ಮಾರ್ಗವೂ ಇದ್ದಿತು. ಚಂದ್ರನೊಡನೆ ಭೂಮಿಯೂ ಉಭಯರ ದ್ರವ್ಯಕೇಂದ್ರವನ್ನು ತಿಂಗಳಿಗೊಮ್ಮೆ ಸುತ್ತುತ್ತದೆ; ಆ ಸುತ್ತು ಕಿರಿದಾದರೂ, ಸಮೀಪ ಬಂದ ಕ್ಷುದ್ರಗ್ರಹವನ್ನು ನೋಡುವಾಗ ಅದರ ಸ್ಥಾನದಲ್ಲಿ ಪ್ರತಿಬಿಂಬಿಸುತ್ತದೆ. 1898ರಲ್ಲಿ ಕಂಡುಬಂದ ಈರೋಸ್ 1900-01ರಲ್ಲಿ ಹತ್ತಿರ ಬಂದಾಗ ಮಾಡಿದ ವೀಕ್ಷಣೆಗಳಿಂದ ಹಿಂಕ್ಸ್ ಪಡೆದ ಸಂಖ್ಯೆ 81.5. ಆಕಾಶನೌಕೆಗಳ ಪಥದಿಂದ ದೊರೆತದ್ದು 81.3.

ಇಲ್ಲಿ ವಿದ್ಯಾರ್ಥಿಗಳು ಎಡವುವ ಸ್ಥಳವೊಂದುಂಟು. ದ್ರವ್ಯರಾಶಿ 81ರಲ್ಲೊಂದು ಪಾಲಾದರೆ ತೂಕವೂ ಹಾಗೇಕಾಗದು? ಚಂದ್ರನ ಮೇಲೆ ನಿಂತವನು ಅದರ ಕೇಂದ್ರಕ್ಕೆ ಹೆಚ್ಚು ಸಮೀಪನಾಗಿರುತ್ತಾನೆ, 0.2727ರ ವರ್ಗದಿಂದ ಭಾಗಿಸಿದರೆ 0.165, ಎಂದರೆ ಆರರಲ್ಲೊಂದು ಪಾಲು ಬರುತ್ತದೆ.

1972ರ ಡಿಸೆಂಬರಿನಲ್ಲಿ ಅಪೋಲೋ 17ರ ಯಾತ್ರಿಕರು ಟಾರಸ್-ಲಿಟ್ರೋ ಕಣಿವೆಯಲ್ಲಿ ಗುರುತ್ವಮಾಪಕವನ್ನು ವಾಹನದ ಮೇಲಿಟ್ಟುಕೊಂಡು ತಿರುಗಿದರು. ಅದು ತೋರಿಸಿದ ಗುರುತ್ವ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ಸುಮಾರು 1.627 ಮೀಟರು; ಭೂಮಿಯ ಮೇಲೆ ಅದು 9.8. ನಮ್ಮ 60 ಕಿಲೋಗ್ರಾಮಿನ ಮನುಷ್ಯನು ಅಲ್ಲಿ ಸ್ಪ್ರಿಂಗ್ ತ್ರಾಸಿನಲ್ಲಿ 10 ತೂಗುವನು. ಎರಡು ತಟ್ಟೆಯ ತಕ್ಕಡಿಯಲ್ಲಿ ಕುಳಿತರೆ ಮಾತ್ರ, ಬಟ್ಟುಗಳೂ ಅಷ್ಟೇ ಹಗುರಾಗುವುದರಿಂದ, ಅಲ್ಲಿಯೂ ಅವನು 60ನ್ನೇ ತೂಗುವನು.