ಮದ್ದು ಮೊದಲು, ಅಳತೆ ಆಮೇಲೆ: ಸ್ತ್ರೀಕರಣ ಹಾರ್ಮೋನ್ ಚಿಕಿತ್ಸೆಯಲ್ಲಿ ಸ್ತನ ಬೆಳವಣಿಗೆಯ ಚರಿತ್ರೆ

ಈಸ್ಟ್ರೋಜನ್ ಚಿಕಿತ್ಸೆಯನ್ನು ಆರಂಭಿಸಿದ ಟ್ರಾನ್ಸ್ ಮಹಿಳೆಯರಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಮೊಲೆತೊಟ್ಟಿನ ಹಿಂದೆ ಒಂದು ಚಿಕ್ಕ, ಗಟ್ಟಿಯಾದ ಬಿಲ್ಲೆ ಕೈಗೆ ಸಿಗುತ್ತದೆ. ಒತ್ತಿದರೆ ನೋಯುತ್ತದೆ, ಬಟ್ಟೆ ಉಜ್ಜಿದರೆ ಉರಿಯುತ್ತದೆ, ಎಷ್ಟೋ ವೇಳೆ ಒಂದು ಬದಿಯಲ್ಲಿ ಮೊದಲು ಕಾಣಿಸಿಕೊಂಡು ಇನ್ನೊಂದು ಬದಿಯಲ್ಲಿ ಕೆಲವು ವಾರಗಳ ನಂತರ ಮೂಡುತ್ತದೆ. ವೈದ್ಯರು ಇದನ್ನು ಸ್ತನದ ಮೊಗ್ಗು ಎನ್ನುತ್ತಾರೆ. ಎಲ್ಲ ಮನುಷ್ಯರಲ್ಲೂ ಹುಟ್ಟಿನಿಂದಲೇ ಇರುವ ಹಾಲಿನ ನಾಳಗಳು ಈಸ್ಟ್ರೋಜನ್ನಿನ ಪ್ರಚೋದನೆಗೆ ಒಳಗಾಗಿ ಉದ್ದವಾಗಿ ಕವಲೊಡೆಯತೊಡಗಿದುದರ ಗುರುತು ಅದು. ಹರೆಯಕ್ಕೆ ಕಾಲಿಡುವ ಹುಡುಗಿಯರಲ್ಲಿ ನಡೆಯುವ ಕ್ರಿಯೆಯೂ ಇದೇ. ಆದರೂ ಈ ಆರಂಭದ ತಿಂಗಳುಗಳು ಆತಂಕದ ತಿಂಗಳುಗಳೇ ಆಗಿ ಉಳಿದಿವೆ. ಕೈಗೆ ಸಿಕ್ಕ ಗಂಟು ಕ್ಯಾನ್ಸರಿನದೋ, ಎರಡೂ ಬದಿ ಎಂದಾದರೂ ಸಮವಾಗುವುವೋ, ನೋವು ನಿಂತರೆ ಬೆಳವಣಿಗೆಯೂ ನಿಂತಂತೆಯೋ, ಆರಂಭದಲ್ಲೇ ಹೆಚ್ಚು ಮದ್ದು ತೆಗೆದುಕೊಂಡುದರಿಂದ ಮೊಗ್ಗು ಮುರುಟಿಹೋಯಿತೋ ಎಂಬ ಪ್ರಶ್ನೆಗಳಿಗೆ ಬಹುಕಾಲ ಖಚಿತವಾದ ಉತ್ತರ ಸಿಗದಿರಲು ಒಂದು ಚಾರಿತ್ರಿಕ ಕಾರಣವಿದೆ: ಈ ಮದ್ದನ್ನು ಬರೆದುಕೊಡಲು ಆರಂಭಿಸಿದ ವೈದ್ಯಶಾಸ್ತ್ರವು ಅದರ ಫಲವನ್ನು ಕ್ರಮವಾಗಿ ಅಳೆಯುವ ಕೆಲಸಕ್ಕೆ ಕೈಹಾಕಿದ್ದು ದಶಕಗಳ ನಂತರ.

ಈ ಕಥೆಯ ಮೊದಲ ಪ್ರಯೋಗಗಳು ನಡೆದದ್ದು ಪ್ರಾಣಿಗಳ ಮೇಲೆ. ವಿಯೆನ್ನಾ ನಗರದ ಪ್ರಾಟರ್ ಉದ್ಯಾನದಲ್ಲಿದ್ದ, ವಿವೇರಿಯಂ ಎಂದು ಹೆಸರಾಗಿದ್ದ ಜೀವಶಾಸ್ತ್ರ ಸಂಸ್ಥೆಯಲ್ಲಿ ಆಯ್ಗೆನ್ ಸ್ಟೈನಾಖ್ ಎಂಬ ಶರೀರವಿಜ್ಞಾನಿ 1912-13ರ ಸುಮಾರಿಗೆ ಗಂಡು ಇಲಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ತೆಗೆದು ಅವುಗಳ ದೇಹದಲ್ಲಿ ಅಂಡಾಶಯಗಳನ್ನು ಕಸಿಮಾಡಿದ. ಹಾಗೆ ಮಾಡಿದ ಗಂಡು ಗಿನಿಯಿಲಿಗಳಲ್ಲಿ ಮೊಲೆಗಳು ಬೆಳೆದು, ಅವು ಮರಿಗಳಿಗೆ ಹಾಲೂಡಿಸಿದುವೆಂದು ಅವನು ವರದಿಮಾಡಿದಾಗ ಯುರೋಪಿನ ವಿದ್ವತ್ತಿನ ಲೋಕ ಬೆರಗಾಯಿತು. ಗಂಡಿನ ದೇಹದಲ್ಲಿರುವ ಸ್ತನದ ಅಂಗಾಂಶವು ನಿರ್ಜೀವ ಕುರುಹಾಗಿರದೆ, ತಕ್ಕ ರಸಾಯನಿಕ ಸಂದೇಶ ಬಂದೊಡನೆ ಎಚ್ಚೆತ್ತುಕೊಳ್ಳಬಲ್ಲದು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಬರ್ಲಿನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಹ್ಯಾರಿ ಬೆಂಜಮಿನ್ ಎಂಬ ವೈದ್ಯ ಸ್ಟೈನಾಖನ ಅಭಿಮಾನಿಯಾಗಿದ್ದ; ಮುಂದೆ ಅಮೆರಿಕದ ಟ್ರಾನ್ಸ್ ರೋಗಿಗಳಿಗೆ ಹಾರ್ಮೋನ್ ಕೊಡಲು ಮುಂದಾದ ಮೊದಲಿಗರಲ್ಲಿ ಅವನೊಬ್ಬ. ವಿಯೆನ್ನಾದ ಆ ಗಿನಿಯಿಲಿಗಳಿಗೂ ನ್ಯೂಯಾರ್ಕಿನ ಚಿಕಿತ್ಸಾಲಯಕ್ಕೂ ಇರುವ ನಂಟು ಹೀಗೆ ಒಬ್ಬ ವ್ಯಕ್ತಿಯ ಮೂಲಕವೇ ಹಾದುಬಂದಿದೆ.

ಕಸಿಮಾಡಬೇಕಾಗಿದ್ದ ಗ್ರಂಥಿ ಸೀಸೆಗೆ ಇಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. 1929ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಅಮೆರಿಕದ ಎಡ್ವರ್ಡ್ ಡಾಯ್ಸಿ ಪರಸ್ಪರ ಸಂಬಂಧವಿಲ್ಲದೆ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1938ರಲ್ಲಿ ಎರಡು ಕೃತಕ ಮದ್ದುಗಳು ಒಟ್ಟೊಟ್ಟಿಗೆ ಬಂದುವು: ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರ ಸ್ಟಿಲ್ಬೆಸ್ಟ್ರಾಲ್, ಬರ್ಲಿನ್ನಿನ ಶೇರಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ ಎಥಿನೈಲ್ ಎಸ್ಟ್ರಡಯಾಲ್. ಎರಡನ್ನೂ ಚುಚ್ಚುಮದ್ದಿನ ಹಂಗಿಲ್ಲದೆ ಬಾಯಿಯ ಮೂಲಕ ಕೊಡಬಹುದಾಗಿತ್ತು. ಮುಟ್ಟು ನಿಂತ ಹೆಂಗಸರ ಬಾಧೆಗಳಿಗೆ ಬಂದ ಈ ಗುಳಿಗೆಗಳು ಗಂಡಸರ ದೇಹವನ್ನು ಹೊಕ್ಕದ್ದು ಇನ್ನೊಂದು ಕಾರಣಕ್ಕಾಗಿ. ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಈಸ್ಟ್ರೋಜನ್ ಉಪಯುಕ್ತವೆಂದು ತೋರಿಸಿದ ಮೇಲೆ ಸಾವಿರಾರು ವೃದ್ಧರಿಗೆ ಅದನ್ನು ಕೊಡಲಾಯಿತು. ಅವರಲ್ಲಿ ಅನೇಕರಿಗೆ ಎದೆ ಉಬ್ಬಿ ನೋಯಲಾರಂಭಿಸಿದಾಗ ವೈದ್ಯರು ಅದನ್ನು ಅಡ್ಡಪರಿಣಾಮವೆಂದು ಬರೆದುಕೊಂಡರು, ಮುಂದಿನ ದಶಕಗಳಲ್ಲಿ ಅದನ್ನು ತಡೆಯಲು ವಿಕಿರಣವನ್ನೂ ಬಳಸಿದರು. ಗಂಡಿನ ದೇಹದಲ್ಲಿ ಸ್ತನ ಬೆಳೆಯುವ ಬಗೆಯ ಬಗ್ಗೆ ಮೊದಲ ವಿಸ್ತಾರವಾದ ತಿಳಿವಳಿಕೆ ಬಂದದ್ದು ಹೀಗೆ, ಅದನ್ನು ಬೇಡವೆನ್ನುತ್ತಿದ್ದವರಿಂದ. ಬೇಕೆನ್ನುವವರ ದೇಹದಲ್ಲಿ ಅದು ಎಷ್ಟು ಕಾಲಕ್ಕೆ, ಎಷ್ಟರ ಮಟ್ಟಿಗೆ ಬೆಳೆಯುತ್ತದೆಂಬ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ.

1952ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಡೇಲಿ ನ್ಯೂಸ್ ಪತ್ರಿಕೆ ಕ್ರಿಸ್ಟೀನ್ ಜಾರ್ಗೆನ್ಸೆನ್ ಎಂಬ ಮಾಜಿ ಸೈನಿಕಳ ಸುದ್ದಿಯನ್ನು ಮುಖಪುಟದಲ್ಲಿ ಪ್ರಕಟಿಸಿದಾಗ ಈ ಚಿಕಿತ್ಸೆ ಜಗತ್ತಿನ ಕಣ್ಣಿಗೆ ಬಿತ್ತು. ಜಾರ್ಗೆನ್ಸೆನ್ 1950ರಲ್ಲಿ ಡೆನ್ಮಾರ್ಕಿಗೆ ಹೋಗುವ ಮೊದಲೇ ಅಮೆರಿಕದ ಔಷಧ ಅಂಗಡಿಯೊಂದರಿಂದ ಎಥಿನೈಲ್ ಎಸ್ಟ್ರಡಯಾಲ್ ಪಡೆದು ತನ್ನಷ್ಟಕ್ಕೆ ನುಂಗಲು ಆರಂಭಿಸಿದ್ದಳು. ಕೋಪನ್‌ಹೇಗನ್ನಿನ ಹಾರ್ಮೋನ್ ತಜ್ಞ ಕ್ರಿಶ್ಚಿಯನ್ ಹ್ಯಾಂಬರ್ಗರ್ ಅವಳ ಚಿಕಿತ್ಸೆಯನ್ನು ವಹಿಸಿಕೊಂಡದ್ದು ಆಮೇಲೆ. ಸುದ್ದಿ ಹರಡಿದ ಬಳಿಕ ಹ್ಯಾಂಬರ್ಗರನಿಗೆ ಅಂಥದೇ ನೆರವನ್ನು ಬೇಡಿ ಪತ್ರಗಳು ಬರತೊಡಗಿದುವು, ಮತ್ತು ಅವನು 465 ಜನರ ಪತ್ರಗಳನ್ನು ವಿಂಗಡಿಸಿ 1953ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಬೇಡಿಕೆಯನ್ನು ಎಣಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಆ ಕಾಲದ ವೈದ್ಯ ಸಾಹಿತ್ಯ ಫಲಿತವನ್ನು ಅಳೆಯುವುದರಲ್ಲಿ ತೋರಲಿಲ್ಲವೆಂದು ಹೇಳದೆ ನಿರ್ವಾಹವಿಲ್ಲ. ಅದರ ಗಮನ ಬಹುಪಾಲು ಯಾರು ಚಿಕಿತ್ಸೆಗೆ ಅರ್ಹರು ಎಂಬ ಮನೋವೈದ್ಯಕೀಯ ವಾದಗಳ ಮೇಲೆ ಮತ್ತು ಶಸ್ತ್ರಚಿಕಿತ್ಸೆಯ ಮೇಲೆ ನೆಟ್ಟಿತ್ತು.

ಅದೇ ದಶಕದ ಇನ್ನೊಂದು ಪ್ರಕರಣ ವೈದ್ಯರ ಈ ಅಜ್ಞಾನವನ್ನು ಚೆನ್ನಾಗಿ ಬಯಲಿಗೆಳೆಯುತ್ತದೆ. 1958ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ರಾಬರ್ಟ್ ಸ್ಟಾಲರನ ಬಳಿಗೆ, ಗ್ರಂಥಗಳಲ್ಲಿ ಆಗ್ನೆಸ್ ಎಂಬ ಕಲ್ಪಿತ ಹೆಸರಿನಿಂದ ಪ್ರಸಿದ್ಧಳಾದ ಯುವತಿ ಬಂದಳು. ಹರೆಯದಲ್ಲಿ ತನ್ನ ದೇಹ ತಾನಾಗಿಯೇ ಹೆಣ್ಣಾಯಿತೆಂದು ಅವಳು ಹೇಳಿದಳು. ಬೆಳೆದ ಸ್ತನಗಳನ್ನು ಕಂಡ ತಜ್ಞರು, ಅವಳ ವೃಷಣಗಳೇ ಈಸ್ಟ್ರೋಜನ್ ಸ್ರವಿಸುತ್ತಿರುವ ಅಪರೂಪದ ಅಂತರಲಿಂಗ ಸ್ಥಿತಿಯಿದೆಂದು, ಎಂದರೆ ಹುಟ್ಟಿನಿಂದಲೇ ಗಂಡು ಹೆಣ್ಣು ಎರಡರ ಲಕ್ಷಣಗಳೂ ಬೆರೆತ ದೇಹವಿದೆಂದು ನಿರ್ಣಯಿಸಿ 1959ರಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟರು. ಸಮಾಜಶಾಸ್ತ್ರಜ್ಞ ಹೆರಾಲ್ಡ್ ಗಾರ್ಫಿಂಕೆಲ್ ಅವಳ ಬದುಕನ್ನು ಆಧರಿಸಿ ಬರೆದ ಅಧ್ಯಾಯ ಇಂದಿಗೂ ಪಠ್ಯವಾಗಿದೆ. ವರ್ಷಗಳು ಕಳೆದ ಮೇಲೆ, 1966ರಲ್ಲಿ, ತಾಯಿಗೆ ಬರೆದುಕೊಟ್ಟಿದ್ದ ಸ್ಟಿಲ್ಬೆಸ್ಟ್ರಾಲ್ ಮಾತ್ರೆಗಳನ್ನು ಹರೆಯದ ಆರಂಭದಿಂದಲೇ ಕದ್ದು ನುಂಗುತ್ತಿದ್ದುದನ್ನು ಆಗ್ನೆಸ್ ಹೇಳಿಬಿಟ್ಟಳು. ಕದ್ದ ಮಾತ್ರೆಯ ಫಲವನ್ನು ದೊಡ್ಡ ಆಸ್ಪತ್ರೆಯೊಂದರ ಪರಿಣತರೆಲ್ಲ ನಿಸರ್ಗದ ಕೆಲಸವೆಂದು ನಂಬಿದ್ದರು. ಔಷಧದ ಬಗೆಗಿನ ಅನುಭವಜ್ಞಾನ ಆಗ ಯಾರಲ್ಲಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಳವಣಿಗೆಯನ್ನು ಅಳೆಯುವ ಮಾನದಂಡವೂ ಈ ಚಿಕಿತ್ಸೆಗೆಂದು ಹುಟ್ಟಿದ್ದಲ್ಲ. ಬ್ರಿಟಿಷ್ ಮಕ್ಕಳ ವೈದ್ಯ ಜೇಮ್ಸ್ ಟ್ಯಾನರ್ ಇಂಗ್ಲೆಂಡಿನ ಹಾರ್ಪೆಂಡೆನ್ ಊರಿನ ಮಕ್ಕಳ ಆಶ್ರಮವೊಂದರಲ್ಲಿ 1940ರ ದಶಕದ ಕೊನೆಯಿಂದ ಬೆಳವಣಿಗೆಯ ಅಧ್ಯಯನವೊಂದನ್ನು ನಡೆಸಿದ. ಅಲ್ಲಿನ ಮಕ್ಕಳನ್ನು ನಿಯತವಾಗಿ ಅಳೆದು, ಛಾಯಾಚಿತ್ರ ತೆಗೆದು ದಾಖಲಿಸಲಾಗುತ್ತಿತ್ತು. ಆಶ್ರಮದ ಮಕ್ಕಳ ಒಪ್ಪಿಗೆಯನ್ನು ಯಾರು ಕೇಳಿದರೆಂಬ ಪ್ರಶ್ನೆ ಇಂದಿನ ಓದುಗರಿಗೆ ಹೊಳೆಯದಿರದು. ಈ ಸಾಮಗ್ರಿಯಿಂದ ಟ್ಯಾನರ್ ಮತ್ತು ಅವನ ಸಹೋದ್ಯೋಗಿ ಮಾರ್ಷಲ್ 1969ರಲ್ಲಿ 192 ಹುಡುಗಿಯರ ಹರೆಯದ ಬೆಳವಣಿಗೆಯನ್ನು ಐದು ಹಂತಗಳಾಗಿ ವಿವರಿಸಿದರು: ಸಮತಟ್ಟಾದ ಎದೆ ಮೊದಲನೆಯದು, ಮೊಗ್ಗು ಎರಡನೆಯದು, ಪ್ರೌಢ ಸ್ತನ ಐದನೆಯದು. ಇಂದು ಜಗತ್ತಿನಾದ್ಯಂತ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಈ ಕ್ರಮದ ಎರಡು ಸಂಗತಿಗಳು ಬಳಸುವವರ ನೆನಪಿನಿಂದ ಜಾರಿಹೋಗಿವೆ. ಹಂತಗಳನ್ನು ನಿರ್ಧರಿಸಿದ್ದು ಚಿತ್ರ ನೋಡಿ, ಕೈಯಿಂದ ಮುಟ್ಟಿಯಲ್ಲ. ಆದ್ದರಿಂದ ಗ್ರಂಥಿ ಯಾವುದು, ಬರಿಯ ಕೊಬ್ಬು ಯಾವುದು ಎಂದು ಬೇರೆಮಾಡಿ ಹೇಳುವುದು ಅದರಿಂದ ಕಷ್ಟ. ಎರಡನೆಯದಾಗಿ, ಆ ಹುಡುಗಿಯರು ಮೊಗ್ಗಿನಿಂದ ಕೊನೆಯ ಹಂತವನ್ನು ತಲುಪಲು ಸರಾಸರಿ ನಾಲ್ಕು ವರ್ಷ ಹಿಡಿಯಿತು, ಮತ್ತು ಎಲ್ಲರೂ ಎಲ್ಲ ಹಂತಗಳನ್ನು ಹಾಯಲಿಲ್ಲ. ನಾಲ್ಕನೆಯ ಹಂತವನ್ನೇ ಕಾಣದವರೂ ಅಲ್ಲಿಯೇ ಉಳಿದವರೂ ಇದ್ದರು. ನಾಲ್ಕು ವರ್ಷಗಳ ಈ ಮೆಟ್ಟಿಲನ್ನು ಹಾರ್ಮೋನ್ ಚಿಕಿತ್ಸೆಯ ಆರನೆಯ ತಿಂಗಳಿಗೆ ಹಿಡಿದು ನೋಡಿ ಬೆಳವಣಿಗೆ ಹಿಂದೆ ಬಿದ್ದಿದೆಯೆಂದು ಕಂಗಾಲಾಗುವುದು ಅಳತೆಗೋಲಿನ ಚರಿತ್ರೆಯನ್ನು ಅರಿಯದುದರ ಫಲ.

ತಡವಾಗುತ್ತಿದೆಯೆಂಬ ಭಾವನೆ ಸಹಜವಾಗಿಯೇ ಹೆಚ್ಚು ಮದ್ದಿನ ಕಡೆಗೆ ತಳ್ಳಿತು. ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಲೂಯಿ ಗೋರೆನ್ ಮತ್ತು ಸಂಗಡಿಗರು ದಿನಕ್ಕೆ 100 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಡಯಾಲನ್ನು ಸೈಪ್ರೊಟೆರೋನ್ ಅಸಿಟೇಟ್ ಎಂಬ, ಟೆಸ್ಟೋಸ್ಟೀರಾನನ್ನು ತಡೆಹಿಡಿಯುವ ಮದ್ದಿನೊಡನೆ ಕೊಡುತ್ತಿದ್ದರು. 1989ರಲ್ಲಿ ಅವರೇ ತಮ್ಮ ರೋಗಿಗಳ ಲೆಕ್ಕ ತೆಗೆದಾಗ, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ನಿರೀಕ್ಷೆಗಿಂತ 45 ಪಟ್ಟು ಹೆಚ್ಚಾಗಿದ್ದುವು. ಕಾಲಿನಲ್ಲಿ ಹೆಪ್ಪಾದ ರಕ್ತ ಕಳಚಿ ಪುಪ್ಪುಸಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು. ಮುಂದಿನ ಸಂಶೋಧನೆಗಳು ದೋಷದ ದೊಡ್ಡ ಪಾಲು ಎಥಿನೈಲ್ ಎಸ್ಟ್ರಡಯಾಲಿನದೆಂದು ತೋರಿಸಿದ ಮೇಲೆ, ದೇಹದ ಸ್ವಂತ ಹಾರ್ಮೋನಿನ ರೂಪವಾದ ಎಸ್ಟ್ರಡಯಾಲನ್ನು ಗುಳಿಗೆಯಾಗಿಯೋ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿಯೋ ಕೊಡುವ ಪದ್ಧತಿ ಬಂತು. ಸೈಪ್ರೊಟೆರೋನ್ ಕೂಡ ನಿರಪಾಯಕಾರಿಯಾಗಿ ಉಳಿಯಲಿಲ್ಲ; ಹೆಚ್ಚಿನ ಪ್ರಮಾಣದಲ್ಲಿ ಅದು ಮಿದುಳಿನ ಪೊರೆಯ ಗೆಡ್ಡೆಗೆ ಕಾರಣವಾಗಬಹುದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದರ ಬಳಕೆಯನ್ನು ಬಿಗಿಗೊಳಿಸಿತು.

ಹೆಚ್ಚು ಮದ್ದಿನ ಆಸೆಗೆ ಎದುರಾಗಿ, ಹೆಚ್ಚು ಮದ್ದಿನ ಭಯವೂ ಬೆಳೆಯಿತು. ಅಂಡಾಶಯ ಕೆಲಸಮಾಡದ ಟರ್ನರ್ ಸಿಂಡ್ರೋಮಿನ ಹುಡುಗಿಯರಿಗೆ ಮಕ್ಕಳ ವೈದ್ಯರು ಈಸ್ಟ್ರೋಜನ್ನನ್ನು ಬಹಳ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಎರಡು ಮೂರು ವರ್ಷಗಳಲ್ಲಿ ಏರಿಸುತ್ತಾ ಹೋಗುತ್ತಾರೆ. ಪ್ರೊಜೆಸ್ಟರಾನ್ ಜಾತಿಯ ಮದ್ದನ್ನು ತೀರ ಮುಂಚೆ ಸೇರಿಸಿದರೆ ಸ್ತನದ ಆಕಾರ ಕೆಡಬಹುದೆಂಬ ಎಚ್ಚರಿಕೆಯೂ ಅಲ್ಲಿಯದೇ. ಈ ತಿಳಿವಳಿಕೆಯನ್ನು ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರಿಗೆ ಎರವಲು ತಂದಾಗ, ಆರಂಭದ ಪ್ರಮಾಣ ಹೆಚ್ಚಾದರೆ ಮೊಗ್ಗು ಶಾಶ್ವತವಾಗಿ ನಿಂತುಬಿಡುತ್ತದೆಂಬ ನಂಬಿಕೆ ಹಬ್ಬಿತು. ಎರವಲಿನ ತರ್ಕ ತಳ್ಳಿಹಾಕುವಂಥದಲ್ಲವಾದರೂ ಅದನ್ನು ಈ ಗುಂಪಿನಲ್ಲಿಯೇ ಸಾಬೀತುಪಡಿಸಿದ ಆಧಾರ ದುರ್ಬಲ. ಪ್ರೊಜೆಸ್ಟರಾನಿನ ವಿಷಯವಂತೂ ಇನ್ನೂ ಗೋಜಲು. 2000ದಲ್ಲಿ ಕನ್ಹಾಯ್ ಎಂಬ ಡಚ್ ವೈದ್ಯ ಮತ್ತು ಸಂಗಡಿಗರು 14 ಟ್ರಾನ್ಸ್ ಮಹಿಳೆಯರ ಸ್ತನದ ಅಂಗಾಂಶವನ್ನು, ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಟೆಸ್ಟೋಸ್ಟೀರಾನನ್ನು ತಡೆಹಿಡಿದಿದ್ದ ಇಬ್ಬರು ಗಂಡಸರ ಅಂಗಾಂಶದೊಡನೆ ಸೂಕ್ಷ್ಮದರ್ಶಕದಡಿ ಹೋಲಿಸಿದರು. ಈಸ್ಟ್ರೋಜನ್ನೂ ಪ್ರೊಜೆಸ್ಟರಾನಿನ ಗುಣವುಳ್ಳ ಸೈಪ್ರೊಟೆರೋನೂ ಒಟ್ಟಿಗೆ ಸಿಕ್ಕಲ್ಲಿ ಹಾಲು ಉತ್ಪಾದಿಸುವ ಕಿರುಚೀಲಗಳ ಗೊಂಚಲುಗಳು ಹೆಣ್ಣಿನ ಸ್ತನದಲ್ಲಿರುವಂತೆಯೇ ಮೂಡಿದ್ದುವು. ಒಳರಚನೆಯ ಈ ಪೂರ್ಣತೆ ಹೊರಗಿನ ಗಾತ್ರವಾಗಿ ಪರಿಣಮಿಸುತ್ತದೆಯೇ ಎಂಬುದಕ್ಕೆ ಮಾತ್ರ ಹದಿನಾಲ್ಕು ಜನರ ಗಾಜಿನ ಪಟ್ಟಿಗಳು ಉತ್ತರ ಹೇಳಲಾರವು.

ಗಾತ್ರದ ಪ್ರಶ್ನೆಗೆ ತಕ್ಕಮಟ್ಟಿಗೆ ದೊಡ್ಡ ಉತ್ತರ ಬಂದದ್ದು 2018ರಲ್ಲಿ, ಜಾರ್ಗೆನ್ಸೆನ್ ಡೆನ್ಮಾರ್ಕಿಗೆ ಹೋದ 68 ವರ್ಷಗಳ ಮೇಲೆ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕಿ ಡಿ ಬ್ಲಾಕ್ ಮತ್ತು ಬೇರೆ ಯುರೋಪಿಯನ್ ಚಿಕಿತ್ಸಾಲಯಗಳ ವೈದ್ಯರು 229 ಟ್ರಾನ್ಸ್ ಮಹಿಳೆಯರನ್ನು ಚಿಕಿತ್ಸೆಯ ಮೊದಲ ದಿನದಿಂದ ಒಂದು ವರ್ಷ ಹಿಂಬಾಲಿಸಿ, ಸ್ತನದ ಮೇಲೆ ಹಾಗೂ ಅದರ ಕೆಳಗೆ ಎದೆಯ ಸುತ್ತಳತೆಯನ್ನು ಅಳತೆಪಟ್ಟಿಯಿಂದ ತೆಗೆದರು. ವರ್ಷದ ಕೊನೆಗೆ ಈ ಎರಡರ ಅಂತರ ಸರಾಸರಿ 7.9 ಸೆಂಟಿಮೀಟರಾಗಿತ್ತು; ಬೆಳವಣಿಗೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲಿ ಆಗಿತ್ತು; ಸುಮಾರು ಅರ್ಧದಷ್ಟು ಜನರಿಗೆ ಬ್ರಾದ ಅತಿ ಚಿಕ್ಕ ಕಪ್ ಕೂಡ ತುಂಬುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತದಲ್ಲಿನ ಎಸ್ಟ್ರಡಯಾಲಿನ ಮಟ್ಟಕ್ಕೂ ಬೆಳವಣಿಗೆಗೂ ಸಂಬಂಧ ಕಾಣಲಿಲ್ಲ. ಗುಳಿಗೆಯ ಸಂಖ್ಯೆಯನ್ನು ಏರಿಸಿದರೆ ಎದೆಯೂ ಏರುತ್ತದೆಂಬ ಹಳೆಯ ಲೆಕ್ಕಾಚಾರಕ್ಕೆ ಇಲ್ಲಿ ಪೆಟ್ಟು ಬಿತ್ತು. ಪೂರ್ಣ ಬೆಳವಣಿಗೆಗೆ ಎರಡರಿಂದ ಮೂರು ವರ್ಷ ಬೇಕೆಂದು ವೈದ್ಯ ಮಾರ್ಗದರ್ಶಿಗಳು 2009ರಿಂದಲೂ ಹೇಳುತ್ತ ಬಂದಿದ್ದುವು. ಮೂರು ಆಯಾಮದ ಕ್ಯಾಮೆರಾ ಬಳಸಿದ ಮುಂದಿನ ಅಧ್ಯಯನವೂ ಮೊದಲ ವರ್ಷದ ನಂತರ ಗಾತ್ರ ಹೆಚ್ಚುತ್ತಲೇ ಇರುವುದನ್ನು ಕಂಡಿತು. ಅಗಲವಾದ ಎದೆಗೂಡಿನ ಮೇಲೆ ಅಷ್ಟೇ ಗಾತ್ರದ ಸ್ತನ ಚಿಕ್ಕದಾಗಿ ತೋರುವುದೂ ಉಂಟು; ಇದು ಹಾರ್ಮೋನು ಬದಲಿಸಲಾರದ ಮೂಳೆಯ ವಿಷಯ.

ಮೊದಲ ತಿಂಗಳ ಗಂಟಿನ ಬಗೆಗಿನ ಕ್ಯಾನ್ಸರ್ ಭಯಕ್ಕೂ ನೆದರ್‌ಲ್ಯಾಂಡ್ಸಿನ ದಾಖಲೆಗಳೇ ಉತ್ತರಕೊಟ್ಟುವು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ 2,260 ಟ್ರಾನ್ಸ್ ಮಹಿಳೆಯರಲ್ಲಿ 15 ಮಂದಿಗೆ ಸುತ್ತಲಿನ ಅಂಗಾಂಶಕ್ಕೆ ಹರಡುವ ಬಗೆಯ ಸ್ತನ ಕ್ಯಾನ್ಸರ್ ಬಂದಿತ್ತು. ಇದು ಗಂಡಸರಿಗಿಂತ ಹೆಚ್ಚು, ಇತರ ಹೆಂಗಸರಿಗಿಂತ ಕಡಿಮೆ, ಮತ್ತು ರೋಗ ಪತ್ತೆಯಾದದ್ದು ಚಿಕಿತ್ಸೆ ಆರಂಭವಾದ ಸರಿಸುಮಾರು 18 ವರ್ಷಗಳ ಬಳಿಕ. ಎಂದರೆ ಮೊದಲ ತಿಂಗಳುಗಳ ಬಿಲ್ಲೆ ಕ್ಯಾನ್ಸರಾಗಿರುವ ಸಂಭವ ತೀರ ಕಡಿಮೆ. ತೊಟ್ಟಿನ ಹಿಂದೆಯೇ ಮೂಡುವ ನೋಯುವ ಬಿಲ್ಲೆಗಿಂತ, ತೊಟ್ಟಿನಿಂದ ದೂರವಿರುವ, ನೋವಿಲ್ಲದ, ಗಟ್ಟಿಯಾಗಿ ಅಂಟಿಕೊಂಡ ಗಂಟು ಅಥವಾ ತೊಟ್ಟಿನಿಂದ ಬರುವ ರಕ್ತ ಹೆಚ್ಚು ಪರೀಕ್ಷೆಗೆ ಅರ್ಹ.

ಭಾರತದಲ್ಲಿ ಈ ಚರಿತ್ರೆಯ ಹಳೆಯ ಮತ್ತು ಹೊಸ ಅಧ್ಯಾಯಗಳು ಒಟ್ಟೊಟ್ಟಿಗೆ ನಡೆಯುತ್ತಿವೆ. ಹಿಜ್ರಾ ಸಮುದಾಯದ ನಿರ್ವಾಣ ಸಂಸ್ಕಾರ ಗಂಡಿನ ಅಂಗವನ್ನು ತೆಗೆಯುವಂಥದು. ವೃಷಣವಿಲ್ಲದಿದ್ದರೆ ಟೆಸ್ಟೋಸ್ಟೀರಾನ್ ಇಳಿಯುತ್ತದೆಯೇ ಹೊರತು ಸ್ತನ ಬೆಳೆಸುವಷ್ಟು ಈಸ್ಟ್ರೋಜನ್ ದೇಹಕ್ಕೆ ಒದಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳ ಸಂಪ್ರದಾಯದಲ್ಲಿ ಇಂಥ ಶಸ್ತ್ರಕ್ರಿಯೆಯ ಕಟ್ಟಳೆಯೇ ಇಲ್ಲ, ಸೀರೆ ಕುಪ್ಪಸಗಳೇ ಸಾಕು. ಹಾರ್ಮೋನನ್ನು ಬಯಸಿದವರಲ್ಲಿ ಎಷ್ಟೋ ಮಂದಿಗೆ ದೇಶದಾದ್ಯಂತ ಸುಲಭವಾಗಿ ದಕ್ಕಿದ್ದು ಔಷಧ ಅಂಗಡಿಯ ಗರ್ಭನಿರೋಧಕ ಗುಳಿಗೆ. ಮಾಲಾ-ಡಿ ಪಟ್ಟಿಯೊಂದರಲ್ಲಿ 28 ಗುಳಿಗೆಗಳಿದ್ದು, 21ರಲ್ಲಿ ತಲಾ 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್ ಮತ್ತು 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ; ಉಳಿದ ಏಳು ಕಬ್ಬಿಣಾಂಶದವು. ಆಮ್‌ಸ್ಟರ್‌ಡ್ಯಾಮ್ ರಕ್ತ ಹೆಪ್ಪುಗಟ್ಟುವ ಭಯದಿಂದ ಕೈಬಿಟ್ಟ ಮದ್ದೇ ಇದರಲ್ಲಿ ಮೊದಲನೆಯದು, ಮತ್ತು ಎರಡನೆಯದಕ್ಕೆ ಸ್ವಲ್ಪಮಟ್ಟಿಗೆ ಗಂಡು ಹಾರ್ಮೋನಿನ ಗುಣವೇ ಇದೆ. ಬೆಳವಣಿಗೆ ಕಾಣಲಿಲ್ಲವೆಂದು ಗುಳಿಗೆಗಳನ್ನು ದುಪ್ಪಟ್ಟು ಮಾಡಿದವರು ಎರಡೂ ಕೇಡುಗಳನ್ನು ಒಟ್ಟಿಗೆ ದುಪ್ಪಟ್ಟು ಮಾಡಿಕೊಂಡಂತಾಗುತ್ತದೆ. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳನ್ನು ಮಾನ್ಯಮಾಡಿದ 2014ರ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪಿನ ಬಳಿಕ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೆಯ ಪ್ರಕರಣವು, ಹಾರ್ಮೋನ್ ಚಿಕಿತ್ಸೆಯನ್ನು ಒಳಗೊಂಡ ವೈದ್ಯಕೀಯ ಸೌಲಭ್ಯಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಆ ಹೊಣೆಯಲ್ಲಿ ಎಸ್ಟ್ರಡಯಾಲಿನ ಗುಳಿಗೆಯೊಂದಿಗೆ ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸುವ, ಮೊದಲ ದಿನದ ಅಳತೆಯನ್ನು ಬರೆದಿಡುವ ಕೆಲಸವೂ ಸೇರಬೇಕು. ಅದನ್ನು ಜಿಲ್ಲಾ ಆಸ್ಪತ್ರೆಯ ಯಾವ ವಿಭಾಗ ಮಾಡಬೇಕೆಂಬುದನ್ನು ಕಾಯ್ದೆ ಹೇಳುವುದಿಲ್ಲ.